ಕೊರೊನಾ ಕಾಲದಲ್ಲಿ ದಾರಿ ಬಿಟ್ಟರೆ ಬೇಜಾರು, ಬಿಡದಿದ್ದರೆ ಭಯ: ಏನು ಮಾಡಲಿ?

ಪ್ರಶ್ನೆ: ನಾನು ಮಡಿಕೇರಿಯವಳು, ವಯಸ್ಸು 46. ದಿನಾ ಬೆಳಿಗ್ಗೆ ಆರೂವರೆಗೆ ರಾಜಾಸೀಟ್ ಕಡೆಗೆ ವಾಕಿಂಗ್ ಹೋಗುತ್ತೇನೆ. ನಮ್ಮ ರಸ್ತೆಯಲ್ಲಿ ಫುಟ್‌ಪಾತ್ ಅಂದರೆ ಚರಂಡಿ ಮೇಲೆ ಹಾಕಿದ ಚಪ್ಪಡಿ, ಅಷ್ಟೇ. ಇಬ್ಬರು ಎದುರಾದರೆ ಭುಜ ತಾಗುತ್ತದೆ. ಮೊನ್ನೆ ಪಕ್ಕದ ಬೀದಿಯ ಅಂಕಲ್ ಎದುರಿಗೆ ಬಂದರು, ಮಿಲಿಟರಿಯಿಂದ ನಿವೃತ್ತರಾದವರು. ನಾನು ರಸ್ತೆಯ ಆಚೆ ಬದಿಗೆ ಹೋದೆ. ಅವರು ಅಲ್ಲೇ ನಿಂತು, ‘ಎಂತಮ್ಮಾ, ನಂಗೆ ಕೊರೊನಾ ಉಂಟಾ?’ ಎಂದು ಜೋರಾಗಿಯೇ ಕೇಳಿದರು. ಅವತ್ತಿನಿಂದ ಮಾತಿಲ್ಲ. ನಾನು ಮಾಡಿದ್ದು ತಪ್ಪಾ? ಪಕ್ಕದಲ್ಲಿ ದಾಟಿಹೋದರೆ ನಿಜವಾಗಿ ಸೋಂಕು ತಗಲುತ್ತದೆಯೇ?

ಉತ್ತರ: ಆಚೆ ಬದಿಗೆ ಹೋದದ್ದು ತಪ್ಪಲ್ಲ. ಮಾತಾಡದೆ ಹೋದದ್ದು ಎಡವಟ್ಟು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಭಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ನೀವು ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ನಡೆಯುತ್ತೀರಿ ಅಂದುಕೊಳ್ಳಿ. ಅಂಕಲ್ ಕೂಡ ಅಷ್ಟೇ ವೇಗದಲ್ಲಿ ಎದುರು ಬರುತ್ತಾರೆ. ಆಗ ನೀವಿಬ್ಬರೂ ಪರಸ್ಪರ 6 ಅಡಿಯೊಳಗೆ ಇರುವುದು ಎರಡು ಸೆಕೆಂಡೂ ಇಲ್ಲ. ಬಯಲು ಗಾಳಿಯಲ್ಲಿ, ಇಬ್ಬರೂ ಕೆಮ್ಮದೆ, ಮಾತಾಡದೆ ದಾಟಿದರೆ ಅಪಾಯ ತೀರಾ ಕಡಿಮೆ. ಸೋಂಕಿತರ ಹತ್ತಿರ ಇದ್ದವರನ್ನು ಪತ್ತೆ ಮಾಡುವಾಗ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರಲ್ಲಿ ಇಟ್ಟುಕೊಂಡಿದ್ದ ಅಳತೆ, 6 ಅಡಿಯೊಳಗೆ 24 ಗಂಟೆಯಲ್ಲಿ ಒಟ್ಟು 15 ನಿಮಿಷ. ಹಾಗಂತ 14 ನಿಮಿಷ ಸೇಫ್ ಅಂತಲ್ಲ. ಆದರೆ ಎರಡು ಸೆಕೆಂಡಿಗೂ 15 ನಿಮಿಷಕ್ಕೂ ಇರುವ ಅಂತರ ಗೊತ್ತಾಯಿತಲ್ವಾ?

ಬೆಳಗಿನ ವಾಕಿಂಗಿನಲ್ಲಿ ನನಗೆ ತಲೆಬಿಸಿ ಆಗುವುದು ಎದುರು ಬರುವವರಿಂದಲ್ಲ, ಒಂದೇ ದಿಕ್ಕಿಗೆ ಹೋಗುವವರಿಂದ. ಮುಂದಿನವರಿಗಿಂತ ನೀವು ಗಂಟೆಗೆ ಒಂದು ಕಿಲೋಮೀಟರ್ ಜಾಸ್ತಿ ವೇಗದಲ್ಲಿದ್ದರೆ, ಅವರನ್ನು ಹಿಂದೆ ಹಾಕುವಾಗ ಆ 6 ಅಡಿಯೊಳಗೆ ಹದಿಮೂರು ಸೆಕೆಂಡ್ ಇರುತ್ತೀರಿ. ಇಬ್ಬರದೂ ಒಂದೇ ವೇಗವಾದರೆ ಅವರು ಬಿಟ್ಟ ಉಸಿರಿನ ಹಿಂದೆಯೇ ರಾಜಾಸೀಟ್ ತನಕ! ಆದ್ದರಿಂದ ಮುಂದೆ ಯಾರಾದರೂ ಇದ್ದರೆ ಹತ್ತು ಹೆಜ್ಜೆ ಹಿಂದೆ ಇರಿ, ಇಲ್ಲವೇ ದೂರದಿಂದ ಬೇಗ ದಾಟಿಬಿಡಿ.

ಇನ್ನೂ ದೊಡ್ಡ ತೊಂದರೆ ನಿಂತು ಮಾತಾಡುವುದು. ಮಾಸ್ಕ್ ಗಲ್ಲಕ್ಕೆ ಇಳಿಸಿ, ಮಗಳ ಮದುವೆ ಮುಂದೆ ಹೋದದ್ದು, ಕರಿಮೆಣಸಿನ ರೇಟು, ಮಳೆ ಎಷ್ಟಿಂಚು, ಎಲ್ಲಾ ಮುಗಿಯುವಷ್ಟರಲ್ಲಿ ಕಾಲು ಗಂಟೆ. ದಾರಿಯೂ ಬಂದ್. ಹಿಂದೆ ಬರುವವರು ಒಂದೋ ನಿಮ್ಮ ಮಧ್ಯೆ ನುಸುಳಬೇಕು, ಇಲ್ಲಾ ರಸ್ತೆಗೆ ಇಳಿದು ಜೀಪಿಗೆ ಸಿಕ್ಕಬೇಕು. ಮಾತಾಡಲೇಬೇಕಾದರೆ ಅಗಲವಾದ ಜಾಗಕ್ಕೆ ಸರಿಯಿರಿ, ಮಾಸ್ಕ್ ಮೂಗಿನ ಮೇಲೇ ಇರಲಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಡಿಮೆಯೆಂದರೂ 1 ಮೀಟರ್ ಅಂದಿತ್ತು, ನಮ್ಮ ಸರ್ಕಾರ 6 ಅಡಿ ಅಂದಿತ್ತು. ನಾನು 6 ಅಡಿ ಪಕ್ಷ.

ಈಗ ಚಪ್ಪಡಿಯ ವಿಷಯ. ಫುಟ್‌ಪಾತ್ ಇಲ್ಲದ, ಅಥವಾ ಇದ್ದೂ ಇಲ್ಲದಂತಿರುವ ರಸ್ತೆಯಲ್ಲಿ ಬಲಬದಿಯಲ್ಲಿ ನಡೆಯಿರಿ. ಎದುರು ಬರುವ ಗಾಡಿ ಕಣ್ಣಿಗೆ ಕಾಣುತ್ತದೆ ಅನ್ನುವುದು ಹಳೆಯ ಕಾರಣ. ಇನ್ನೊಂದು ಲಾಭ ಈಗ ಗೊತ್ತಾಗುತ್ತಿದೆ. ಹತ್ತುವವರೂ ಅವರವರ ಬಲಕ್ಕೆ, ಇಳಿಯುವವರೂ ಅವರವರ ಬಲಕ್ಕೆ ಅಂದರೆ, ರಸ್ತೆಯ ಒಂದೊಂದು ಬದಿಗೆ ಒಂದೊಂದು ದಿಕ್ಕು. ಎದುರುಬದುರು ಸಿಗುವ ಪ್ರಶ್ನೆಯೇ ಇಲ್ಲ. ಒಂದೇ ಒಂದು ಎಚ್ಚರ: ಬರೆಯ (ಗುಡ್ಡ ಕಡಿದ ಮಣ್ಣಿನ ಗೋಡೆಯ) ಪಕ್ಕ ಬಲಕ್ಕೆ ಸುತ್ತುವ ಕುರುಡು ತಿರುವಿನಲ್ಲಿ ಒಳಬದಿಗೆ ಅಂಟಿಕೊಂಡು ನಡೆಯಬೇಡಿ, ಡ್ರೈವರಿಗೆ ನೀವು ಕಾಣುವುದಿಲ್ಲ. ತಿರುವಿಗೆ ಮುಂಚೆಯೇ ಹೊರಬದಿಗೆ ದಾಟಿ, ಆಮೇಲೆ ವಾಪಸ್ ಬನ್ನಿ. ಮಂಜಿದ್ದರೆ ಕೈಯಲ್ಲಿ ಟಾರ್ಚ್ ಇರಲಿ.

ಯಾರು ದಾರಿ ಬಿಡಬೇಕು? ಗದ್ದೆ ಬದುವಿನ ಮೇಲೆ ನಡೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹೊರೆ ಹೊತ್ತವರಿಗೆ ಬರಿಗೈಯವರು ದಾರಿ ಬಿಡುತ್ತಾರೆ. ವಯಸ್ಸಾದವರಿಗೆ, ಮಗುವನ್ನು ಎತ್ತಿಕೊಂಡವರಿಗೆ, ಕೋಲು ಹಿಡಿದವರಿಗೆ ಉಳಿದವರು ಬಿಡುತ್ತಾರೆ. ಆದರೆ ತೋಟದ ದಾರಿಯಲ್ಲಿ ನಾನು ನೋಡಿದ್ದು ಬೇರೆ. ಲೈನ್ ಮನೆ, ಅಂದರೆ ತೋಟದ ಕೆಲಸದವರ ಸಾಲುಮನೆ, ಕಡೆಯಿಂದ ಹೆಂಗಸೊಬ್ಬರು ತಲೆಮೇಲೆ ಸೌದೆ ಹೊತ್ತು ಬರುತ್ತಿದ್ದರು. ಎದುರಿಗೆ ಹೊಸ ಶೂ ಹಾಕಿದ ಇಬ್ಬರು ವಾಕಿಂಗಿನವರು. ಚರಂಡಿಗೆ ಕಾಲಿಟ್ಟದ್ದು ಸೌದೆಯವರು. ಅವರಿಗೆ ಯಾರೂ ಹೇಳಿರಲಿಲ್ಲ, ಹಳೇ ಅಭ್ಯಾಸ. ಈ ‘ಅಂತರ’ ಅನ್ನುವ ಹೊಸ ಮಾತು ಬಂದ ಮೇಲೆ ಆ ಹಳೇ ಅಭ್ಯಾಸಕ್ಕೆ ಇನ್ನೊಂದು ನೆಪ ಸಿಕ್ಕಿತೇ ಅನ್ನಿಸಿ ಬೇಸರವಾಯಿತು. ಶೂ ಹಾಕಿದವರು ಇಳಿಯಲಿ. ಜಿಗಣೆ ಹತ್ತಿದರೆ ಉಪ್ಪು ಹಾಕಿದರಾಯಿತು.

ಸಿದ್ದಾಪುರ, ಮಾಲ್ದಾರೆ ಕಡೆಯ ಓದುಗರು ಮಾತ್ರ ಕಾಫಿ ಗಿಡದ ಸಾಲಿನೊಳಗೆ ಸರಿಯುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳಿ. ಕೊರೊನಾಕ್ಕಿಂತ ಆನೆ ಹತ್ತಿರದಲ್ಲಿರಬಹುದು.

ಇನ್ನು ನಿಮ್ಮ ಅಂಕಲ್. ನಮ್ಮ ಊರಲ್ಲಿ ಎದುರು ಬಂದವರನ್ನು ಮಾತಾಡಿಸದೆ ಹೋಗುವುದೇ ಅವಮಾನ, ರಸ್ತೆ ದಾಟಿ ಹೋದರೆ ಕೇಳುವುದೇ ಬೇಡ. ಹಾಗಾಗಿ ಮಾತು ಮೊದಲು, ಸರಿಯುವುದು ಆಮೇಲೆ. ಇಪ್ಪತ್ತು ಹೆಜ್ಜೆ ದೂರದಲ್ಲೇ ಕೈ ಎತ್ತಿ, ‘ಅಂಕಲ್, ಚೆನ್ನಾಗಿದ್ದೀರಾ? ನೀವು ಬನ್ನಿ, ನಾನು ಈ ಕಡೆ ಬರ್ತೀನಿ’ ಅನ್ನಿ. ‘ನಾನು ದಿನಾ ಅಂಗಡಿಗೆ, ಬ್ಯಾಂಕಿಗೆ ಹೋಗ್ತೀನಿ, ನನ್ನಿಂದ ನಿಮಗೆ ಬರೋದು ಬೇಡ’ ಎಂದರೆ ಇನ್ನೂ ಒಳ್ಳೆಯದು. ಅದು ನಿಜವೂ ಹೌದು. ಲಕ್ಷಣ ಕಾಣಿಸುವ ಮೊದಲೇ ಸೋಂಕು ಇನ್ನೊಬ್ಬರಿಗೆ ದಾಟಬಲ್ಲದು, ವಯಸ್ಸಾದವರಿಗೆ ಕಾಯಿಲೆ ಜೋರಾಗುವ ಸಾಧ್ಯತೆಯೂ ಜಾಸ್ತಿ. ನಾಳೆ ಒಂದು ಫೋನ್ ಮಾಡಿಬಿಡಿ.

ಪ್ರಶ್ನೆ: ಮಗ ದಿನಾ ಓಡುತ್ತಾನೆ, ಮಾಸ್ಕ್ ಹಾಕು ಅಂದರೆ ಉಸಿರು ಕಟ್ಟುತ್ತದೆ ಅನ್ನುತ್ತಾನೆ. ಬೈಯಬೇಕೇ? (ಗೋಣಿಕೊಪ್ಪ)

ಉತ್ತರ: ಇದಕ್ಕೆ ಬೈಯಬೇಡಿ. ಜೋರು ವ್ಯಾಯಾಮದ ಹೊತ್ತಲ್ಲಿ ಮಾಸ್ಕ್ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೆವರಿಗೆ ಒದ್ದೆಯಾದ ಬಟ್ಟೆಯಲ್ಲಿ ಉಸಿರಾಡುವುದು ಕಷ್ಟ. ಆದರೆ ಮಾಸ್ಕ್ ಇಲ್ಲದೆ ಏದುಸಿರು ಬಿಡುವವನು ಅವನು, ಹಾಗಾಗಿ ದೂರ ಇಡುವ ಕೆಲಸವೂ ಅವನದೇ. ನಡೆಯುವವರು ಕಂಡರೆ ಆಚೆ ಬದಿಗೆ ಹೋಗಲಿ, ಜಾಗವಿಲ್ಲದಿದ್ದರೆ ನಿಂತು ಕಾಯಲಿ. ಹಿಂದಿನಿಂದ ಸದ್ದಿಲ್ಲದೆ ಬಂದು ಅಜ್ಜಿಯಂದಿರನ್ನು ಬೆಚ್ಚಿಬೀಳಿಸಬಾರದು, ಹತ್ತು ಗಜ ದೂರದಲ್ಲೇ ‘ಅಜ್ಜಿ, ಹಿಂದಿನಿಂದ ಬರ್ತಾ ಇದ್ದೀನಿ’ ಅನ್ನಲಿ. ಓಡುತ್ತಾ ದಾರಿಯಲ್ಲಿ ಉಗುಳಿದರೆ ಮಾತ್ರ ಧಾರಾಳವಾಗಿ ಬೈಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಕೊಡೆ ಹಿಡಿದು ಸಣ್ಣ ದಾರಿಯಲ್ಲಿ ಅಂತರ ಹೇಗೆ? (ನಾಪೋಕ್ಲು)

ಉತ್ತರ: ಕೊಡೆಯೇ ನಿಮ್ಮ ಅಳತೆಪಟ್ಟಿ. ಬಿಚ್ಚಿದ ಕೊಡೆ ಸುಮಾರು 3 ಅಡಿ ಅಗಲ. ನಿಮ್ಮ ಕೊಡೆಗೂ ಎದುರಿನವರ ಕೊಡೆಗೂ ನಡುವೆ ಇನ್ನೊಂದು ಕೊಡೆ ಹಿಡಿಸುವಷ್ಟು ಜಾಗವಿದ್ದರೆ 6 ಅಡಿ ಆಯಿತು. ಅಷ್ಟು ಜಾಗವಿಲ್ಲದ ಕಡೆ ಎತ್ತರದವರು ಕೊಡೆ ಮೇಲಕ್ಕೆ ಎತ್ತಲಿ, ಗಿಡ್ಡವರು ತಗ್ಗಿಸಲಿ, ಕಡ್ಡಿ ಯಾರ ಕಣ್ಣಿಗೂ ತಾಗಬಾರದು. ನೆನೆದ ಮಾಸ್ಕ್ ಪ್ರಯೋಜನಕ್ಕೆ ಬಾರದು. ಪ್ಲಾಸ್ಟಿಕ್ ಕವರಿನಲ್ಲಿ ಒಣಗಿದ್ದು ಇನ್ನೊಂದು ಇಟ್ಟುಕೊಳ್ಳಿ, ಒದ್ದೆಯದ್ದಕ್ಕೆ ಬೇರೆ ಕವರ್. ಒಗೆದದ್ದು ಒಣಗುವುದಿಲ್ಲ ಅನ್ನುತ್ತೀರಾ? ಜುಲೈಯಲ್ಲಿ ನಾಪೋಕ್ಲಿನಲ್ಲಿ ಯಾವುದು ಒಣಗುತ್ತದೆ ಹೇಳಿ. ಒಲೆ ಮೇಲಿನ ದಂಡಿಗೆಗೆ ನೇತುಹಾಕಿ. ಹೊಗೆ ವಾಸನೆ ಬರುತ್ತದೆ, ಸಹಿಸಿಕೊಳ್ಳಿ.