ಓದುಗರ ಪ್ರಶ್ನೆ: ಘಟ್ಟಕ್ಕೆ ಹೋಗಿದ್ದು ಯಾವ ಪಾರ್ಥಿವದಲ್ಲಿ?

ಪ್ರಶ್ನೆ: ಸಾರ್, ನಮ್ಮ ತಾತನ ತಾತ ಮುಳಬಾಗಿಲು ಕಡೆಯವ್ರು. ಧಾತು ಈಶ್ವರ ಬರದಲ್ಲಿ ಊರು ಬಿಟ್ಟು ಪಡುವಲಕ್ಕೆ ಹೊರಟು ಮೂಡಿಗೆರೆ ಹತ್ರ ಕಾಫಿ ತೋಟ ಸೇರ್ಕೊಂಡ್ರು ಅಂತ ಅಜ್ಜಿ ಹೇಳ್ತಿದ್ರು. ಈಗ ಟ್ರಂಕಲ್ಲಿ ಒಂದು ಹಳೇ ಲೆಕ್ಕದ ಪುಸ್ತಕ ಸಿಕ್ಕಿದೆ, ಅದ್ರಲ್ಲಿ "ಪಾರ್ಥಿವ ಸಂ॥ರದ ಮಾಘ ಶು॥ ಘಟ್ಟಕ್ಕೆ ಹೊರಟಿದ್ದು" ಅಂತ ಒಂದು ಸಾಲು, ಕೆಳಗೆ ಅವ್ರ ಹೆಸ್ರು (ನಮ್ಮ ತಾತಂಗೂ ಅದೇ ಹೆಸ್ರು ಇಟ್ಟಿದ್ರು). ಜೊತೆಗೆ ಗೆದ್ದಲು ತಿಂದಿರೋ ಒಂದು ಕ್ರಯಪತ್ರ. ಗೂಗಲ್ ಮಾಡಿದ್ರೆ ಪಾರ್ಥಿವ ಅಂದ್ರೆ 1885 ಅಂತ ಬರತ್ತೆ, ಬರ ಬಂದಿದ್ದು 1876ರಲ್ಲಿ. ಅಜ್ಜಿ ಹೇಳಿದ್ದು ಸುಳ್ಳಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಅಜ್ಜಿ ಮೇಲೆ ಅಷ್ಟು ಬೇಗ ಅನುಮಾನ ಪಡ್ಬೇಡಿ, ಮೊದ್ಲು ಗೂಗಲ್‌ನ ವಿಚಾರಿಸ್ಕೊಳ್ಳೋಣ. ಸಂವತ್ಸರ ಇರೋದು ಅರವತ್ತು, ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು, ಹಂಗಾಗಿ ಪಾರ್ಥಿವ 1885-86ರಲ್ಲೂ ಬಂದಿದೆ 1945-46ರಲ್ಲೂ ಬಂದಿದೆ. ಇನ್ನು ಸಂವತ್ಸರ ಶುರುವಾಗೋದು ಯುಗಾದಿಗೆ, ಮಾಘ ಬರೋಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರತ್ತೆ, ಅಂದ್ರೆ ನಿಮ್ಮ ಸಾಲು ಒಂದೋ 1886ರ ಫೆಬ್ರವರಿದು, ಇಲ್ಲಾ 1946ರ ಫೆಬ್ರವರಿದು, 1885 ಅಂತೂ ಅಲ್ಲ.

ಇಲ್ಲೇ ಇರೋದು ನೋಡಿ ತಮಾಷೆ. ತಾತನ ಹೆಸ್ರು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ಮಾಮೂಲಿ, ನೀವೇ ಬರೆದಿದೀರ ಇಬ್ರಿಗೂ ಒಂದೇ ಹೆಸ್ರು ಅಂತ. ಹಂಗಿದ್ಮೇಲೆ ಆ ಸಾಲು ತಾತನ ತಾತಂದೋ ತಾತಂದೋ? ಹೆಸರಿನ ಮುಂದೆ "ಬಿನ್" ಅಂತ ಅಪ್ಪನ ಹೆಸ್ರು ಇದ್ಯಾ ನೋಡಿ, ಇದ್ರೆ ಅಲ್ಲಿಗೆ ಮುಗೀತು. ಇಲ್ಲಾಂದ್ರೆ ಆ ಪುಸ್ತಕದ ಹಿಂದಿನ ಮುಂದಿನ ಹಾಳೆ ಓದಿ. ರೇಷನ್ನು, ಸೀಮೆಎಣ್ಣೆ ಕಂಟ್ರೋಲು ಅಂತೆಲ್ಲ ಬಂದ್ರೆ ಅದು ಎರಡನೇ ಮಹಾಯುದ್ಧದ ಕಾಲದ ಪುಸ್ತಕ. ತಿಥಿ ಜೊತೆ ವಾರನೂ ಬರೆದಿದ್ರಂತೂ ಪುಣ್ಯ, ಎರಡು ವರ್ಷದ ಪಂಚಾಂಗ ಪಕ್ಕಪಕ್ಕ ಇಟ್ಕೊಂಡ್ರೆ ಯಾವುದಕ್ಕೆ ಹೊಂದತ್ತೆ ಅಂತ ಸಾಮಾನ್ಯವಾಗಿ ಗೊತ್ತಾಗೋಗತ್ತೆ.

ಸರಿ, 1886 ಅಂತಾನೇ ಇಟ್ಕೊಳ್ಳಿ, ಆಗ್ಲೂ ಅಜ್ಜಿ ಮಾತು ಬಿದ್ದೋಗಲ್ಲ. ಧಾತು 1876-77, ಈಶ್ವರ 1877-78. ಕೋಲಾರದ ಕಡೆಯಿಂದ ಮೂಡಿಗೆರೆಗೆ ಒಂದೇ ಏಟಿಗೆ ಹೋದ್ರು ಅಂತ ಅಜ್ಜಿ ಹೇಳಿದ್ರಾ, ಅಥವಾ ಕೇಳಿದೋರು ನಾವೇ ಹಂಗೆ ಅಂದ್ಕೊಂಡಿದೀವಾ? ಆಗ್ಲೇ, 1864ರಿಂದ, ಜೋಲಾರಪೇಟೆಯಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ರೈಲಿತ್ತು, ಬರದಲ್ಲಿ ಜನ ಬೆಂಗಳೂರಿಗೆ ಬಂದು ಬಿದ್ರು, ಬೆಂಗಳೂರು-ಮೈಸೂರು ರೈಲುದಾರಿ ಕೆಲಸ ಶುರುವಾಗಿದ್ದೇ ಬರದ ಕಾಮಗಾರಿ ಅಂತ, ಅದು ಮೈಸೂರು ಮುಟ್ಟಿದ್ದು 1882ರಲ್ಲಿ. ನನ್ನ ಊಹೆ ಕೇಳಿದ್ರೆ ಊರು ಬಿಟ್ಟಿದ್ದು ಬರದಲ್ಲಿ, ನಡುವೆ ಕೆಲವು ವರ್ಷ ಬೆಂಗಳೂರಲ್ಲೋ ಇನ್ನೆಲ್ಲೋ ಕೂಲಿ, ಆಮೇಲೆ ತೋಟಕ್ಕೆ ಆಳು ಕರ್ಕೊಂಡು ಹೋಗೋ ಮೇಸ್ತ್ರಿ ಕೈಯಿಂದ ಮುಂಗಡ ಇಸ್ಕೊಂಡು ಘಟ್ಟ. ತಿಂಗಳೂ ಹೊಂದತ್ತೆ, ಮಾಘದ ಹೊತ್ತಿಗೆ ಬಯಲುಸೀಮೇಲಿ ರಾಗಿ ಒಕ್ಕಣೆ ಮುಗಿದು ಕೈ ಖಾಲಿ. ಆ ಮುಂಗಡ ಸುಮ್ನೆ ಅಲ್ಲ ಮತ್ತೆ, ದುಡ್ಡು ತಗೊಂಡು ಕೆಲಸ ಬಿಟ್ಟು ಓಡಿದ್ರೆ 1859ರ ಕಾಯ್ದೆ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತಿದ್ರು. ಆದ್ರೆ ಇದೆಲ್ಲ ಊಹೆನೇ, ಗಟ್ಟಿ ಮಾಡ್ಬೇಕಾಗಿರೋದು ನಿಮ್ಮ ಕ್ರಯಪತ್ರ.

ಅದನ್ನ ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ ದಯವಿಟ್ಟು, ಎರಡೂ ಕಡೆ ಫೋಟೋ ತೆಗೀರಿ. ಹಿಂಬದೀಲಿ ಸ್ಟಾಂಪ್ ವೆಂಡರು ಗೀಚಿರೋ ಷರಾ ಇರತ್ತೆ, ಯಾವ ತಾರೀಕು, ಯಾರು ತಗೊಂಡ್ರು, ಯಾವ ಊರೋರು ಅಂತ, ಸುಮಾರು ಜನ ಮುಂದಿನ ಪುಟ ಓದಿ ಸುಮ್ನಾಗ್ತಾರೆ. ಒಳಗೆ "ಹಾಲಿ ವಾಸ" ಅನ್ನೋದು ಹುಡುಕಿ, "ಇಂಥ ಊರಿನ ಇಂಥವ್ರು, ಹಾಲಿ ಇಂಥಲ್ಲಿ ವಾಸ" ಅಂತಿದ್ರೆ ಬಿಟ್ಟ ಊರು ಸೇರಿದ ಊರು ಎರಡೂ ಒಂದೇ ಸಾಲಲ್ಲಿ ಸಿಕ್ಕಂಗೆ. ಚಕ್ಕುಬಂದಿನೂ ಬಿಡ್ಬೇಡಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹೊಲ ಅಂತ ಬರೆದಿರ್ತಾರಲ್ಲ, ಆ ಮನೆತನದವ್ರು ಈಗ್ಲೂ ಆ ಊರಲ್ಲಿ ಇದ್ರೂ ಇರ್ಬಹುದು, ನಿಮ್ಮವ್ರ ಸುದ್ದಿ ನಿಮಗಿಂತ ಅವ್ರಿಗೇ ಚೆನ್ನಾಗಿ ಗೊತ್ತಿರತ್ತೆ.

ಮನೆದೇವ್ರು ಯಾವುದು, ಮುಡಿ ಕೊಡೋಕೆ ಎಲ್ಲಿಗೆ ಹೋಗ್ತೀರ? ಘಟ್ಟ ಹತ್ತಿದ ಎಷ್ಟೋ ಮನೆಯವ್ರು ಜಮೀನು ಬಿಟ್ರೂ ದೇವ್ರು ಬಿಟ್ಟಿಲ್ಲ. ನಿಮ್ಮ ಮನೆತನ ಹೆಳವರಿಗೆ ಒಕ್ಕಲಾಗಿದ್ರೆ ಇನ್ನೂ ಒಳ್ಳೇದು, ಎತ್ತಿನ ಮೇಲೆ ಬಂದು ಮನೆ ಮುಂದೆ ವಂಶ ಹೇಳಿ ದವಸ ಇಸ್ಕೊಂಡು ಹೋಗ್ತಿದ್ರಲ್ಲ ಅವ್ರೇ, ಯಾವ ಕವಲು ಯಾವ ಊರಿಗೆ ಒಡೆದು ಹೋಯ್ತು ಅನ್ನೋದು ಅವ್ರ ಪುಸ್ತಕದಲ್ಲಿರತ್ತೆ. ಮುಳಬಾಗಿಲು ಕಡೆ ನೆಂಟ್ರಲ್ಲಿ ವಯಸ್ಸಾದವ್ರನ್ನ ಕೇಳಿ, ಅದೂ ಈ ವರ್ಷಾನೇ.

ಪ್ರಶ್ನೆ: 1871ರ ಜನಗಣತೀಲಿ ನಮ್ಮ ಮುತ್ತಾತನ ಹೆಸ್ರು ಸಿಗತ್ತಾ?
– ಇನ್ನೊಬ್ಬ ಓದುಗರು, ಮಲ್ಲೇಶ್ವರಂ

ಉತ್ತರ: ಸಿಗಲ್ಲ. ಮನೆಮನೆ ಹಾಳೆ ಉಳಿಸಿಲ್ಲ, ಉಳಿದಿರೋದು ಒಟ್ಟು ಲೆಕ್ಕ ಮಾತ್ರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ, 1881ರಲ್ಲಿ 41.86 ಲಕ್ಷ, ಬರ ಏನು ಮಾಡ್ತು ಅಂತ ಅಷ್ಟರಲ್ಲೇ ಕಾಣತ್ತೆ. ಹೆಸ್ರು ಬೇಕಂದ್ರೆ ಜಮೀನಿನ ಕಾಗದಕ್ಕೇ ಹೋಗ್ಬೇಕು: ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಕೈಬರಹದ ಹಳೇ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರುವಾರು ಜಮೀನಿನ ಪಟ್ಟಿ) ಕೇಳಿ, ಸರ್ಕಾರಿ ಕಡತಕ್ಕೆ ವಿಧಾನಸೌಧದ ರಾಜ್ಯ ಪತ್ರಾಗಾರ. ಸರ್ವೆ ನಂಬರು ಬರ್ಕೊಂಡು ಹೋಗಿ, ಬರೀ ಹೆಸ್ರು ಹೇಳಿದ್ರೆ ಹುಡುಕಿ ಕೊಡೋದು ಅವ್ರಿಗೂ ಕಷ್ಟ.