ಪಾರ್ಟ್‌ಗೆ ದುಡ್ಡು ಕೊಡ್ತೀರಿ, ಕೈಗೆ ಯಾಕೆ ಕೊಡಲ್ಲ?

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುವಾಗ, ದಾವಣಗೆರೆಯಲ್ಲಿ ನಮ್ಮಪ್ಪನ ಸೈಕಲ್ ಶಾಪ್ ಇತ್ತು, ಅಲ್ಲೇ ಪಂಚರ್ ಹಾಕುತ್ತಾ ಬೆಳೆದೆ ಅಂತ ಒಂದು ಸಾಲು ಬರೆದಿದ್ದೆ. ಅಷ್ಟೇ ಸಾಕಾಯ್ತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೈಕಲ್ ಶಾಪ್‌ನವರ ಬಗ್ಗೆಯೇ. ಅರ್ಧ ದೂರು, ಅರ್ಧ ಹಳೇ ನೆನಪು. ಹೆಸರು ಹಾಕಬೇಡಿ ಅಂದವರೇ ಜಾಸ್ತಿ ಇರುವುದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ (ಬೆಂಗಳೂರು): ಸೈಕಲ್ಲಿನ ಹಿಂದಿನ ಚಕ್ರ ಓಲಾಡುತ್ತಿತ್ತು. ಮನೆ ಹತ್ತಿರದ ಶಾಪ್‌ಗೆ ಕೊಟ್ಟೆ. ಒಂದು ಪಾರ್ಟ್ ಕೂಡ ಬದಲಾಯಿಸಲಿಲ್ಲ. ಕೂತಲ್ಲೇ ಇಪ್ಪತ್ತು ನಿಮಿಷ ಏನೋ ತಿರುಗಿಸಿ 200 ರೂಪಾಯಿ ತಗೊಂಡರು. ಇದು ಸರಿನಾ?

ಉತ್ತರ: ಸರಿ. ನಿಮಗೆ ಸಿಟ್ಟು ಬಂದರೂ ಪರವಾಗಿಲ್ಲ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ನೀವು ದುಡ್ಡು ಕೊಟ್ಟಿದ್ದು ಬೆಂಡ್, ಅಂದರೆ ಚಕ್ರದ ಆ ಓಲಾಟ, ತೆಗೆದದ್ದಕ್ಕೆ. ಪಾರ್ಟ್ ಹಾಕುವುದು ಸುಲಭ, ಹಳೇದು ಬಿಚ್ಚು, ಹೊಸದು ಹಾಕು, ಬಿಲ್ ಬರಿ. ಬೆಂಡ್ ತೆಗೆಯುವುದಕ್ಕೆ ಕೈ ಪಳಗಿರಬೇಕು.

ಹಳೇ ಕರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ (ಸ್ಪೋಕ್), ಹಿಂದಿನದಕ್ಕೆ 40. ಭಾರವೆಲ್ಲ ಹಿಂದೆ ಬೀಳುತ್ತದಲ್ಲ, ಅದಕ್ಕೆ. ಕಡ್ಡಿಗಳು ಒಂದು ಬಿಟ್ಟು ಒಂದು ಚಕ್ರದ ನಡುವಿನ ಹಬ್ಬಿನ ಎಡಕ್ಕೂ ಬಲಕ್ಕೂ ಹೋಗಿ ರಿಮ್ಮನ್ನು ಎರಡೂ ಕಡೆಯಿಂದ ಎಳೆದು ಹಿಡಿದಿರುತ್ತವೆ, ಹಗ್ಗಜಗ್ಗಾಟದ ಹಾಗೆ. ಗುಂಡಿಗೆ ಬಿದ್ದು ಒಂದು ಕಡೆಯ ನಾಲ್ಕು ಕಡ್ಡಿ ಸಡಿಲವಾದರೆ ರಿಮ್ಮು ಇನ್ನೊಂದು ಕಡೆಗೆ ವಾಲುತ್ತದೆ. ನಮ್ಮಪ್ಪ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಚಕ್ರ ತಿರುಗಿಸಿ ಬಿಟ್ಟು, ಕೈಯನ್ನು ಫ್ರೇಮಿಗೆ ಊರಿ ಹೆಬ್ಬೆರಳಿನ ಉಗುರನ್ನು ರಿಮ್ಮಿನ ಪಕ್ಕ ಹಿಡಿಯುತ್ತಿದ್ದರು. ಎಲ್ಲಿ ಉಗುರಿಗೆ ಸರ್ ಅಂತ ತಾಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ಆ ಕಡೆಯ ಕಡ್ಡಿಯ ನಿಪ್ಪಲ್, ಅಂದರೆ ಅದನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ಕಾಲು ಸುತ್ತು ಸಡಿಲ, ಎದುರು ಕಡೆಯದು ಕಾಲು ಸುತ್ತು ಬಿಗಿ. ಮತ್ತೆ ತಿರುಗಿಸು, ಮತ್ತೆ ಕಾಲು ಸುತ್ತು. ಅವಸರಪಟ್ಟು ಒಂದೇ ಸಲ ಎರಡು ಸುತ್ತು ಬಿಗಿದರೆ ಅಡ್ಡ ಬೆಂಡ್ ಹೋಗಿ ಚಕ್ರ ಮೇಲೆ ಕೆಳಗೆ ಕುಣಿಯಲು ಶುರುಮಾಡುತ್ತದೆ, ಅದನ್ನು ಸರಿಮಾಡುವುದು ಇನ್ನೂ ತಲೆನೋವು. ಕೊನೆಗೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಕೇಳುತ್ತಿದ್ದರು. ಒಂದೇ ಕಡೆಯವು ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ಡಬ್ ಅಂತು ಅಂದರೆ ಅದು ಸುಮ್ನೆ ಕೂತಿದೆ, ಕೆಲಸ ಮಾಡ್ತಿಲ್ಲ ಅಂತ ಅರ್ಥ.

ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ನಾನು ಕೆಡಿಸಿದ ರಿಮ್ಮುಗಳ ಲೆಕ್ಕ ಅಪ್ಪ ಕೊನೆಯವರೆಗೂ ಮರೆಯಲಿಲ್ಲ. ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದ ಅಂತ ಕಮ್ಮಿ ಕೊಡಬೇಕು ಅನ್ನುವುದಾದರೆ, ಕೆಲಸ ಬಾರದವನ ಹತ್ತಿರ ಹೋಗಿ, ದಿನವಿಡೀ ಮಾಡಿಕೊಡುತ್ತಾನೆ.

ಪ್ರಶ್ನೆ (ಚಿತ್ರದುರ್ಗ): ಸೈಕಲ್ ಶಾಪ್‌ನವರೇ ರಸ್ತೆಗೆ ಮೊಳೆ ಎಸೆದು ಪಂಚರ್ ಮಾಡಿಸುತ್ತಾರೆ ಅಂತಾರೆ. ನೀವೂ ಎಸೆದಿದ್ದೀರಾ? ನಿಜ ಹೇಳಿ.

ಉತ್ತರ: ಮೊಳೆಗೆ ದುಡ್ಡು ಕೊಡಬೇಕಲ್ಲ ಸ್ವಾಮಿ! ನಿಮ್ಮ ಜಿಲ್ಲೆಯಲ್ಲಿ ಜಾಲಿಮುಳ್ಳಿಗೇನು ಬರವೇ? ಬೇಸಿಗೆಯಲ್ಲಿ ನೆಗ್ಗಿನಮುಳ್ಳು ಬೇರೆ.

ಆದರೆ ಮೋಸ ಇರಲೇ ಇಲ್ಲ ಅಂತ ಹೇಳುವುದಿಲ್ಲ. ಒಂದಿದ್ದ ತೂತನ್ನು ಎರಡು ಮಾಡುವ ಕೈಗಳನ್ನು ನಾನು ನೋಡಿದ್ದೇನೆ. ಒಳ್ಳೆ ಮೆಕ್ಯಾನಿಕ್ಕನ್ನು ಹೀಗೆ ಗುರುತಿಸಿ. ಹಳೇ ಮಾದರಿಯ ವಾಲ್ವ್ ಇದ್ದರೆ ಅದರೊಳಗೆ ತೆಳು ರಬ್ಬರಿನ ವಾಲ್ ಟ್ಯೂಬ್ ಇರುತ್ತದೆ, ಬಿಸಿಲಿಗೆ ಅದು ಒಣಗಿ ಸೀಳುತ್ತದೆ. ಗಾಳಿ ಹೋಗಿದೆ ಅಂದ ತಕ್ಷಣ ಟಯರ್ ಬಿಚ್ಚದೆ, ಮೊದಲು ಗಾಳಿ ಹೊಡೆದು ವಾಲ್ವ್ ಬಾಯಿಗೆ ಒಂದು ಚೂರು ಎಂಜಲು ಹಚ್ಚಿ ನೋಡುತ್ತಾನಲ್ಲ, ಅವನು ನಂಬಿಕಸ್ಥ. ಗುಳ್ಳೆ ಬಂತು ಅಂದರೆ ವಾಲ್ ಟ್ಯೂಬ್ ಬದಲಿಸಿ ಚಿಲ್ಲರೆ ಕಾಸಿಗೆ ಕಳಿಸುತ್ತಾನೆ. ನಮ್ಮಮ್ಮ ಹೀಗೇ ಮಾಡುತ್ತಿದ್ದರು. ಅಪ್ಪ ಸಾಮಾನು ತರಲು ಹುಬ್ಬಳ್ಳಿಗೆ ಹೋದ ದಿನ ಅಂಗಡಿಯಲ್ಲಿ ಅಮ್ಮನೇ ಕೂರುತ್ತಿದ್ದದ್ದು, ಟ್ಯೂಬ್ ಉಜ್ಜಿ, ಪ್ಯಾಚ್ ಅಂಟಿಸುವ ಸಲ್ಯೂಷನ್ ಹಚ್ಚಿ, ಅದು ಒಣಗುವಷ್ಟು ಹೊತ್ತು ಅವರೆಕಾಯಿ ಸುಲಿಯುತ್ತಾ. ಹಸಿ ಸಲ್ಯೂಷನ್ ಮೇಲೆ ಪ್ಯಾಚ್ ಒತ್ತಿದರೆ ನಾಳೆ ಮತ್ತೆ ಬರುತ್ತೀರಿ. ಅಮ್ಮ ಹಾಕಿದ ಪಂಚರ್ ಬಿಟ್ಟುಕೊಂಡು ಬಂದದ್ದು ನನಗೆ ನೆನಪಿಲ್ಲ. ಶಾಪ್ ಬೋರ್ಡಿನಲ್ಲಿ ಮಾತ್ರ ಅಪ್ಪನ ಹೆಸರು.

ಪ್ರಶ್ನೆ (ಹೊಸಪೇಟೆ): ನಾನು ಎಂಟನೇ ಕ್ಲಾಸ್. ಎಡಗಡೆ ಪೆಡಲ್ ಬಿಚ್ಚಲು ಅಣ್ಣ ಮತ್ತು ನಾನು ಒಂದು ಗಂಟೆ ಒದ್ದಾಡಿದೆವು. ಶಾಪ್ ಅಂಕಲ್ ಉಲ್ಟಾ ತಿರುಗಿಸಿ ಒಂದೇ ಏಟಿಗೆ ಬಿಚ್ಚಿದರು. ಯಾಕೆ?

ಉತ್ತರ: ನೀವಿಬ್ಬರೂ ಒಂದು ಗಂಟೆ ಅದನ್ನು ಬಿಗಿ ಮಾಡಿದ್ದೀರಿ ಪುಟ್ಟಾ. ಎಡ ಪೆಡಲಿನ ಮರೆ, ಅಂದರೆ ಸ್ಕ್ರೂವಿನ ಸುತ್ತು, ಉಲ್ಟಾ ಇರುತ್ತದೆ. ತುಳಿಯುವಾಗ ಪೆಡಲಿನ ಅಚ್ಚು ತನ್ನ ತೂತಿನೊಳಗೆ ಕೂದಲೆಳೆಯಷ್ಟು ಉರುಳುತ್ತಾ ಹೋಗುತ್ತದೆ. ಎರಡೂ ಕಡೆ ಒಂದೇ ಥರ ಮರೆ ಕೊಟ್ಟರೆ ಎಡಗಡೆಯದು ತುಳಿದ ಹಾಗೆಲ್ಲ ಸಡಿಲವಾಗುತ್ತಿತ್ತು. ಎಡ ಬಲ ಯೋಚನೆ ಮಾಡದೆ ಇಷ್ಟು ನೆನಪಿಟ್ಟುಕೋ: ಸ್ಪ್ಯಾನರನ್ನು ಪೆಡಲಿನ ಮೇಲ್ಗಡೆಗೆ ನಿಲ್ಲಿಸಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚುತ್ತವೆ. ಮುಂದಕ್ಕೆ ತಳ್ಳಿದರೆ ಎರಡೂ ಬಿಗಿ.

ಪ್ರಶ್ನೆ (ಹುಬ್ಬಳ್ಳಿ): ಮಗನಿಗೆ 15 ವರ್ಷ. ಬೇಸಿಗೆ ರಜೆಯಲ್ಲಿ ಓಣಿಯ ಸೈಕಲ್ ಶಾಪ್‌ನಲ್ಲಿ ಕೆಲಸ ಕಲಿಯುತ್ತೇನೆ ಅಂತಾನೆ. ನಮ್ಮ ಯಜಮಾನರು, ಗ್ರೀಸ್ ಮೆತ್ತಿಕೊಳ್ಳಲು ನಿನ್ನನ್ನು ಓದಿಸುತ್ತಿದ್ದೀನಾ ಅಂತ ರೇಗುತ್ತಾರೆ. ಕಾನೂನಿನ ತೊಂದರೆಯೂ ಇದೆಯಾ?

ಉತ್ತರ: ಕಾನೂನು ಮೊದಲು ಹೇಳುತ್ತೇನಕ್ಕಾ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಅಂಗಡಿಯಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯವರ ಅಂಗಡಿಯಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ ಕೈಜೋಡಿಸಬಹುದು, ಅಷ್ಟೇ. ನಿಮ್ಮ ಮಗನ ವಯಸ್ಸಿನವರು ಅಪಾಯದ ಕೆಲಸ ಬಿಟ್ಟು ಬೇರೆ ಮಾಡಬಹುದು, ಆದರೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ವಾರಕ್ಕೊಂದು ರಜೆ ಕೊಡಲೇಬೇಕು. ನಿಮ್ಮ ಓಣಿಯ ಶಾಪ್‌ನಲ್ಲಿ ಇನ್ನೂ ಚಿಕ್ಕ ಹುಡುಗ ಶಾಲೆ ಬಿಟ್ಟು ದುಡಿಯುತ್ತಿದ್ದರೆ ಸುಮ್ನೆ ನೋಡಿಕೊಂಡು ಹೋಗಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಮ್ಮ ಕಾಲದಲ್ಲಿ ಅಂಥ ಹುಡುಗರಿಗೆ ಎರಡು ಹೊತ್ತು ಊಟ, ದಸರೆಗೆ ಒಂದು ಜೊತೆ ಬಟ್ಟೆ, ಮಿಕ್ಕಿದ್ದೆಲ್ಲ ಬೈಗುಳ. ನಮ್ಮ ಶಾಪ್‌ನಲ್ಲೂ ಹಾಗೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಯಜಮಾನರ ಸಿಟ್ಟು. ಒಂದು ತಿಂಗಳು ಕಳಿಸಿ ಅನ್ನಿ, ಆದರೆ ಒಂದು ಕರಾರು: ಕೂಲಿ ಕೊಡಬೇಕು, ಎಷ್ಟೇ ಕಮ್ಮಿ ಆಗಲಿ. ಪುಕ್ಕಟೆ ಕಲಿಸುತ್ತೇನೆ ಅನ್ನುವವನು ಹುಡುಗನ ಕೈಲಿ ಚಹಾ ತರಿಸುತ್ತಾನೆ, ಕಲಿಸುವುದಿಲ್ಲ. ಮೊದಲ ವಾರ ಸೀಮೆಎಣ್ಣೆಯಲ್ಲಿ ಬಾಲ್ಸ್, ಅಂದರೆ ಬೇರಿಂಗಿನ ಉಕ್ಕಿನ ಗುಂಡು, ತೊಳೆಯುವುದೇ ಕೆಲಸ. ಹಿಂದಿನ ಹಬ್ಬಿಗೆ ಕಾಲಿಂಚಿನವು ಒಂದೊಂದು ಕಡೆಗೆ ಒಂಬತ್ತರಂತೆ 18, ಮುಂದಿನದಕ್ಕೆ ಅದಕ್ಕಿಂತ ಸಣ್ಣವು ಹತ್ತರಂತೆ 20. ಒಂದು ಉರುಳಿ ಚರಂಡಿ ಸೇರಿದರೆ ಸಂಜೆವರೆಗೂ ಹುಡುಕಿಸುತ್ತಾರೆ. ಅಲ್ಲಿಗೇ ಬೇಜಾರಾಗಿ ಬಿಟ್ಟು ಬಂದರೆ ಯಜಮಾನರಿಗೂ ಸಮಾಧಾನ, ಅಲ್ವಾ?

ಪ್ರಶ್ನೆ (ಮೈಸೂರು): ವಿಮಾನ ಮಾಡಿದ ರೈಟ್ ಸಹೋದರರು ಸೈಕಲ್ ಶಾಪ್‌ನವರಂತೆ, ಹೌದಾ?

ಉತ್ತರ: ಹೌದು, ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ 1892ರಿಂದ ಅವರದು ಸೈಕಲ್ ವ್ಯಾಪಾರ, ರಿಪೇರಿ. ನನಗೆ ಅವರಿಬ್ಬರಿಗಿಂತ ಇಷ್ಟವಾಗುವುದು ಚಾರ್ಲಿ ಟೇಲರ್. ಅಣ್ಣ ತಮ್ಮ ಹಾರಾಟದ ಪ್ರಯೋಗಕ್ಕೆ ದೂರ ಹೋದಾಗ ಅಂಗಡಿ ನೋಡಿಕೊಳ್ಳಲು 1901ರಲ್ಲಿ ಇಟ್ಟುಕೊಂಡ ಮೆಕ್ಯಾನಿಕ್ ಆತ. ವಿಮಾನಕ್ಕೆ ಬೇಕಾದ ಹಗುರ ಎಂಜಿನ್ ಎಲ್ಲೂ ಸಿಗದಾಗ ಅದೇ ಅಂಗಡಿಯಲ್ಲಿ ಆರು ವಾರದಲ್ಲಿ ಮಾಡಿಕೊಟ್ಟ. 1903ರ ಡಿಸೆಂಬರ್ 17ರಂದು ಅದು ಹಾರಿತು. ಎಂಜಿನ್‌ನಿಂದ ಪ್ರೊಪೆಲ್ಲರ್‌ಗೆ ಶಕ್ತಿ ಹೋಗುತ್ತಿದ್ದದ್ದು ಯಾವುದರಿಂದ ಹೇಳಿ? ಸೈಕಲ್ ಥರದ್ದೇ ಚೈನಿನಿಂದ. ಪಾಠಪುಸ್ತಕದಲ್ಲಿ ಆತನ ಹೆಸರು ಓದಿದ್ದೀರಾ? ನಾನಂತೂ ಓದಿರಲಿಲ್ಲ.

ಪ್ರಶ್ನೆ (ಭದ್ರಾವತಿ): ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಯಾಕೆ ನಿಂತುಹೋಯ್ತು? ನಾನು ಕಲಿತದ್ದೇ ಅದರಲ್ಲಿ.

ಉತ್ತರ: ಮಕ್ಕಳಿಗೆ ಮನೆಯಲ್ಲೇ ಸೈಕಲ್ ಬಂತು, ದೊಡ್ಡವರು ಮೊಪೆಡ್ ಹತ್ತಿದರು, ಅಷ್ಟೇ ಕಥೆ. ನಮ್ಮಲ್ಲಿ ಒಂದು ಉದ್ದದ ನೋಟ್‌ಬುಕ್ ಇತ್ತು: ಸೈಕಲ್ ನಂಬರ್, ಹೊರಟ ಟೈಮ್, ಹುಡುಗನ ಹೆಸರು, ಪಕ್ಕದಲ್ಲಿ ಯಾರ ಮಗ ಅಂತ. ಅಡ್ವಾನ್ಸ್ ಇಲ್ಲ, ಆ ಕೊನೆಯ ಕಾಲಮ್ಮೇ ಅಡ್ವಾನ್ಸ್. ಮೈಸೂರಿನಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾದಾಗ ನೋಡಲು ಹೋಗಿದ್ದೆ. ಚೆನ್ನಾಗಿತ್ತು. ಕಾರ್ಡ್ ತೋರಿಸಿದರೆ ಸೈಕಲ್ ಬಿಟ್ಟುಕೊಡುತ್ತಿತ್ತು, ಯಾರ ಮಗ ಅಂತ ಕೇಳುತ್ತಿರಲಿಲ್ಲ.

ಪ್ರಶ್ನೆ (ಹಾವೇರಿ ಜಿಲ್ಲೆ): ನನಗೆ 58. ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ. ಜನ ಹೊಸ ಸೈಕಲ್ ಆನ್‌ಲೈನ್‌ನಲ್ಲಿ ತರಿಸುತ್ತಾರೆ, ನನ್ನ ಹತ್ತಿರ ಗಾಳಿಗೆ ಮಾತ್ರ ಬರುತ್ತಾರೆ. ಮಂಡಿ ನೋವು ಬೇರೆ. ಮುಚ್ಚಿಬಿಡಲಾ?

ಉತ್ತರ: ಅಣ್ಣಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಮ್ಮಪ್ಪನೂ ಇದೇ ಪ್ರಶ್ನೆ ಕೇಳಿದ್ದರು, ದಾವಣಗೆರೆಯ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದಾಗ. ಪಾಳಿ ಬಿಟ್ಟ ಕೂಡಲೇ ಅಂಗಡಿ ಮುಂದೆ ಸಾಲುಗಟ್ಟುತ್ತಿದ್ದ ಸೈಕಲ್ಲುಗಳು ಎರಡು ಮೂರು ವರ್ಷದಲ್ಲಿ ಮಾಯವಾದವು. ಮಂಡಕ್ಕಿ ಭಟ್ಟಿಯವರು ನಮ್ಮನ್ನು ಉಳಿಸಿದರು. ಆಳೆತ್ತರದ ಮಂಡಕ್ಕಿ ಚೀಲ ಹೊರಲು ಕ್ಯಾರಿಯರ್‌ಗೆ ಡಬಲ್ ಪಟ್ಟಿ ಬೆಸುಗೆ ಹಾಕಿಸಿ ಕೊಡುತ್ತಿದ್ದೆವು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಮತ್ತೆ ಸ್ವಲ್ಪ ವರ್ಷ ಕೈತುಂಬ ಕೆಲಸ. ದೊಡ್ಡವರೂ ಬಿದ್ದಿದ್ದಾರೆ ಬಿಡಿ. ಅಟ್ಲಾಸ್ ಸೈಕಲ್ ಕಂಪನಿಯ, ದೆಹಲಿ ಹತ್ತಿರದ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ರಂದು ನಿಂತಿತು. ಅವತ್ತೇ ವಿಶ್ವ ಸೈಕಲ್ ದಿನ ಕೂಡ.

ನನ್ನ ಮಾತು ಕೇಳುವುದಾದರೆ ಮುಚ್ಚಬೇಡಿ, ಗಾಳಿಯ ಅಂಗಡಿಯಾಗಿ ಉಳಿಯಲೂ ಬೇಡಿ. ಆನ್‌ಲೈನ್ ಸೈಕಲ್ ಡಬ್ಬದಲ್ಲಿ ಪೂರ್ತಿ ಜೋಡಿಸಿರದೇ ಬರುತ್ತದೆ. ಮನೆಯಲ್ಲೇ ಜೋಡಿಸಿಕೊಂಡು ಮುಂದಿನ ಫೋರ್ಕನ್ನು ಹಿಂದುಮುಂದು ಮಾಡಿ ಓಡಿಸುವವರನ್ನು ನಾನೇ ನಿಲ್ಲಿಸಿ ಹೇಳಿದ್ದೇನೆ. ಆ ಜೋಡಣೆ ನಿಮ್ಮ ಕೆಲಸ. ಡಿಸ್ಕ್ ಬ್ರೇಕ್, ಗೇರ್ ಕೇಬಲ್ ಕಲಿಯಲು ನಿಮ್ಮ ಕೈಗೆ ಒಂದು ವಾರ ಸಾಕು. ಆಮೇಲೆ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿ. ಜೋಡಣೆಗೆ ಇಷ್ಟು, ಬೆಂಡಿಗೆ ಇಷ್ಟು, ಗೇರ್ ಸೆಟಿಂಗ್‌ಗೆ ಇಷ್ಟು, ಪೂರ್ತಿ ಬಿಚ್ಚಿ ತೊಳೆದು ಜೋಡಿಸುವ ಓವರಾಯಿಲಿಂಗ್‌ಗೆ ಇಷ್ಟು, ಪಾರ್ಟ್ ಬೇರೆ. ಬರೆದಿದ್ದಕ್ಕೆ ಜನ ಚೌಕಾಸಿ ಕಮ್ಮಿ ಮಾಡುತ್ತಾರೆ. ನಾವು ಇಷ್ಟು ವರ್ಷ ಪಾರ್ಟ್ ಮೇಲೆ ನಾಲ್ಕು ಕಾಸು ಜಾಸ್ತಿ ಇಟ್ಟು ಕೂಲಿಯನ್ನು ಅದರೊಳಗೆ ಬಚ್ಚಿಟ್ಟೆವು ನೋಡಿ, ಅದೇ ತಪ್ಪಾದದ್ದು. ಈಗ ಪಾರ್ಟ್ ಫೋನಿನಲ್ಲೇ ಸಿಗುತ್ತದೆ, ನಮ್ಮ ಕೂಲಿಯೂ ಅದರ ಜೊತೆಗೇ ಹೋಯ್ತು.

ಸಾಲ ಬೇಕಾದರೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಕೇಳಬಹುದು. ಕುಶಲಕರ್ಮಿಗಳಿಗಿರುವ ವಿಶ್ವಕರ್ಮ ಯೋಜನೆ ಅಂತ ಯಾರಾದರೂ ಓಡಾಡಿಸಿದರೆ ಹೋಗಬೇಡಿ, 2023ರಲ್ಲಿ ಬಂದ ಆ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಬೀಗ ಮಾಡುವವರು ಎಲ್ಲ ಇದ್ದಾರೆ, ಸೈಕಲ್ ರಿಪೇರಿಯವರು ಇಲ್ಲ. ಯಾಕಿಲ್ಲ ಅಂತ ನಾನೂ ಕೇಳುತ್ತಿದ್ದೇನೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸಿಲ್ಲವಾದರೆ ಬೇಗ ಮಾಡಿಸಿ, ಅದಕ್ಕೆ 59ರವರೆಗೆ ಮಾತ್ರ ಅವಕಾಶ.

ಮಂಡಿ ವಿಷಯ. ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವುದನ್ನು ಇವತ್ತೇ ಬಿಡಿ. ಮಾಡಿನ ತೊಲೆಗೆ ಎರಡು ಕೊಕ್ಕೆ, ಎರಡು ಗಟ್ಟಿ ಹಗ್ಗ, ಒಂದು ಸೀಟಿಗೆ, ಒಂದು ಹ್ಯಾಂಡಲ್ಲಿಗೆ. ಪೆಡಲ್ ನಿಮ್ಮ ಸೊಂಟದ ಎತ್ತರಕ್ಕೆ ಬರುವಂತೆ ಸೈಕಲ್ ನೇತುಹಾಕಿ ನಿಂತೇ ಕೆಲಸ ಮಾಡಿ. ಅಪ್ಪನಿಗೆ ನಾನು ಇದನ್ನು ಮಾಡಿಕೊಟ್ಟಾಗ ಅವರಿಗೆ 64. ಒಂದು ದಿನ ನಿಂತು ಕೆಲಸ ಮಾಡಿ ನೋಡಿದರು. ಸಂಜೆ ಷಟರ್ ಎಳೆಯುವಾಗ, ಹತ್ತು ವರ್ಷದ ಹಿಂದೆ ಏನ್ ನಿದ್ದೆ ಮಾಡ್ತಿದ್ದೇನೋ ನೀನು ಅಂತ ಬೈದರು.