ಲೂಪಿನೊಳಗೆ ಲೆಕ್ಕ ಸರಿ, ಹೊರಗೆ ಬಂದರೆ ಸೊನ್ನೆ

ಪ್ರಶ್ನೆ: ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ ಸರ್. ಕಾಟಾದ ಮೇಲೆ ತೂಗಿದ ಭತ್ತದ ತೂಕ ದಿನಕ್ಕೊಂದು ಫೈಲಿನಲ್ಲಿ ಇರುತ್ತದೆ, ಲಾರಿಗೊಂದು ಸಾಲು. ಒಟ್ಟು ತೆಗೆಯಲು, ಕಂಪ್ಯೂಟರಿಗೆ ಸಾಲಾಗಿ ಆದೇಶ ಕೊಡುವ ಬ್ಯಾಷ್ ಸ್ಕ್ರಿಪ್ಟ್ ಬರೆದೆ. ಫೈಲಿನಲ್ಲಿರುವುದನ್ನು ಹೊರಗೆ ಕೊಡುವ ಕ್ಯಾಟ್‌ನಿಂದ ಪೈಪ್ (| ಚಿಹ್ನೆ) ಹಾಕಿ, ಒಂದೊಂದೇ ಸಾಲು ಓದುವ ವೈಲ್ ಲೂಪಿಗೆ ಕೊಟ್ಟು, ಒಳಗೆ ಟೋಟಲ್ ಅನ್ನುವ ವೇರಿಯಬಲ್‌ಗೆ (ಸಂಖ್ಯೆ ಇಟ್ಟುಕೊಳ್ಳುವ ಹೆಸರಿಗೆ) ಕೂಡಿಸುತ್ತೇನೆ. ಒಳಗೆ ಎಕೋ ಮಾಡಿ ಪರದೆಗೆ ತಂದರೆ ಲೆಕ್ಕ ಏರುವುದು ಕಾಣುತ್ತದೆ. ಲೂಪ್ ಮುಗಿಸುವ ಡನ್ ಆದ ಮೇಲೆ ನೋಡಿದರೆ 0. ಎರರ್ ಕೂಡ ಇಲ್ಲ. ಇನ್ನೊಂದು, ತಾರೀಖಿನ ಲೆಕ್ಕ 07ರವರೆಗೆ ಚೆನ್ನಾಗಿತ್ತು, 08ಕ್ಕೆ ಎರರ್ ಬಂತು.

ಉತ್ತರ: ನೀವು ಕೂಡಿಸಿದ್ದು ಸರಿ ಇದೆ. ತಪ್ಪು ಪೈಪಿನಲ್ಲಿದೆ. ಬ್ಯಾಷ್‌ನಲ್ಲಿ ಪೈಪ್ ಹಾಕಿದರೆ ಅದರ ಆಚೆ ಇರುವ ಲೂಪ್ ಬೇರೊಂದು ಶೆಲ್ಲಿನಲ್ಲಿ (ಶೆಲ್ ಅಂದರೆ ನಿಮ್ಮ ಆದೇಶಗಳನ್ನು ನಡೆಸುವ ಪ್ರೋಗ್ರಾಂ) ನಡೆಯುತ್ತದೆ, ಇದಕ್ಕೆ ಸಬ್‌ಶೆಲ್ ಅಂತಾರೆ, ಟೋಟಲ್‌ನ ಒಂದು ನಕಲು ಅಲ್ಲಿಗೆ ಹೋಗುತ್ತದೆ, ನೀವು ಕೂಡಿಸುವುದೆಲ್ಲ ಆ ನಕಲಿಗೆ. ಲೂಪ್ ಮುಗಿದ ಕೂಡಲೇ ಸಬ್‌ಶೆಲ್ಲೂ ಹೋಯಿತು, ನಕಲೂ ಹೋಯಿತು. ಮೂಲ ಟೋಟಲ್ ಇದ್ದ ಹಾಗೇ 0.

ಪರಿಹಾರ ಸುಲಭ. ಕ್ಯಾಟ್, ಪೈಪ್ ಎರಡೂ ತೆಗೆಯಿರಿ. ಡನ್ ಪಕ್ಕದಲ್ಲಿ < ಚಿಹ್ನೆ ಹಾಕಿ ಫೈಲಿನ ಹೆಸರು ಬರೆಯಿರಿ. ಆಗ ಲೂಪ್ ನಿಮ್ಮ ಶೆಲ್ಲಿನಲ್ಲೇ ನಡೆಯುತ್ತದೆ. ಹೆಸರಿನಲ್ಲಿ ‘ಸೋನಾ ಮಸೂರಿ’ ಥರ ಖಾಲಿ ಜಾಗ ಇದ್ದರೆ ಡಬಲ್ ಕೋಟ್ ಒಳಗೆ ಇಡಿ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ನೀವು ಕೇಳದೇ ಇರುವ ವಿಷಯದ್ದು. ಫೈಲಿನ ಕೊನೇ ಸಾಲಿನ ತುದಿಯಲ್ಲಿ ಎಂಟರ್ ಹೊಡೆದಿಲ್ಲ ಅಂದರೆ, ಲೂಪಿನಲ್ಲಿ ಸಾಲು ಓದುವ ರೀಡ್ ಆದೇಶ ಆ ಸಾಲನ್ನು ಓದುತ್ತದೆ ಆದರೆ ಫೈಲ್ ಮುಗಿಯಿತು ಅಂತ ಹೇಳಿಬಿಡುತ್ತದೆ, ಲೂಪ್ ಅಲ್ಲೇ ನಿಲ್ಲುತ್ತದೆ, ಆ ಕೊನೇ ಲಾರಿ ಒಟ್ಟಿಗೆ ಸೇರುವುದೇ ಇಲ್ಲ. ಅದು ಯಾರೋ ರೈತರು ವರ್ಷವೆಲ್ಲ ದುಡಿದ ಭತ್ತ ಅಲ್ವಾ? ಹಾಗಾಗಿ ರೀಡ್ ಆದ ಮೇಲೆ || (ಅಥವಾ) ಹಾಕಿ, ವೇರಿಯಬಲ್ ಖಾಲಿ ಇಲ್ಲ ಅನ್ನುವ -ಎನ್ ಪರೀಕ್ಷೆ ಸೇರಿಸಿ. ತೂಕ ಕಿಲೋದಲ್ಲೇ ಇರಲಿ. ಕ್ವಿಂಟಲ್ ಮಾಡಿ 182.40 ಅಂತ ಕೊಟ್ಟರೆ ಬ್ಯಾಷ್ ತೆಗೆದುಕೊಳ್ಳಲ್ಲ, ಅದು ಪೂರ್ಣ ಸಂಖ್ಯೆ ಮಾತ್ರ ಕೂಡುತ್ತದೆ. ಪಾಯಿಂಟ್ ಬೇಕೇ ಬೇಕು ಅಂದರೆ ಆಕ್ ಅನ್ನುವ ಇನ್ನೊಂದು ಟೂಲ್ ಬಳಸಿ.

ಇನ್ನು ತಾರೀಖು. ಮುಂದೆ ಸೊನ್ನೆ ಇದ್ದರೆ ಬ್ಯಾಷ್ ಅದನ್ನು ಎಂಟರ ಲೆಕ್ಕದ (ಆಕ್ಟಲ್) ಸಂಖ್ಯೆ ಅಂದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 8, 9 ಅಂಕಿಗಳೇ ಇಲ್ಲ, ಅದಕ್ಕೇ ಎರರ್. ಎರರ್ ಬಂದಿದ್ದು ಒಳ್ಳೇದೇ ಆಯಿತು ಅನ್ನಿ, ಯಾಕಂದರೆ ಲಾಟ್ ನಂಬರ್ 017 ಅಂತ ಇದ್ದರೆ ಸುಮ್ನೆ 15 (ಒಂದು ಎಂಟು, ಮೇಲೆ ಏಳು) ಅಂತ ಓದಿಕೊಂಡು ಮುಂದೆ ಹೋಗುತ್ತದೆ. ಲೆಕ್ಕದೊಳಗೆ ವೇರಿಯಬಲ್‌ನ ಡಾಲರ್ ಚಿಹ್ನೆಗೂ ಮುಂಚೆ 10# ಸೇರಿಸಿ, ಹತ್ತರ ಲೆಕ್ಕದಲ್ಲೇ ಓದುತ್ತದೆ.

ಇಷ್ಟು ಮಾಡಿ, ಮೂರೇ ಸಾಲಿನ ಫೈಲಿನ ಮೇಲೆ ಬ್ಯಾಷ್ -ಎಕ್ಸ್ ಕೊಟ್ಟು ನಡೆಸಿ. ಪ್ರತಿ ಹೆಜ್ಜೆಯಲ್ಲೂ ಟೋಟಲ್ ಎಷ್ಟಾಯಿತು ಅಂತ ಪರದೆಯ ಮೇಲೆ ಬರುತ್ತದೆ. ಕೈಯಲ್ಲಿ ಕೂಡಿದ್ದಕ್ಕೆ ತಾಳೆ ಆಗದಿದ್ದರೆ ಆ ಮೂರು ಸಾಲನ್ನೇ ನನಗೆ ಬರೆದು ಕಳಿಸಿ.